ಎಲ್ಲರ ಫೋನಿನಲ್ಲೂ ರುಮೈಸಾ

ಅಲ್ಜೀರಿಯಾದ ನಮ್ಮ ಅನ್ನಾಬಾದಲ್ಲಿ ಶಾಲೆ ಮುಗಿಸುವ ಬಾಕ್ ಪರೀಕ್ಷೆಯ ಫಲಿತಾಂಶ ಬಂತೆಂದರೆ ಬಾಲ್ಕನಿ ಬಾಲ್ಕನಿಯಿಂದ ಹೆಂಗಸರು ಸಂಭ್ರಮಕ್ಕೆ ಹಾಕುವ ಉಲುಲು ಕೂಗು ಏಳಬೇಕು. ಆ ಮಧ್ಯಾಹ್ನ ನಾವು ನಮ್ಮ ವೆಬ್‌ಸೈಟಿನಲ್ಲಿ ಫಲಿತಾಂಶ ಬಿಟ್ಟು ಎಷ್ಟೋ ಹೊತ್ತಾದರೂ ಬೀದಿಯಲ್ಲಿ ಒಂದು ಸದ್ದಿಲ್ಲ.

ಅಕ್ಕನ ಮಗಳು ಇನೆಸ್ ಫೋನ್ ಮಾಡಿದಳು. "ಚಿಕ್ಕಮ್ಮಾ, ನನ್ನ ನಂಬರ್ ಹಾಕಿದ್ರೆ ರುಮೈಸಾ ಹೆಸರು ಬರ್ತಿದೆ. ಗೈರುಹಾಜರು ಅಂತ. ನಮ್ ಕ್ಲಾಸಲ್ಲಿ ಎಲ್ರಿಗೂ ಅದೇ! ನಂಗೆ ಭಯ ಆಗ್ತಿದೆ."

ರುಮೈಸಾ ಅವರ ಪಕ್ಕದ ಮನೆಯ ಹುಡುಗಿ. ಪರೀಕ್ಷೆಗೆ ಹೆಸರು ಕೊಟ್ಟಿದ್ದವಳು, ಪರೀಕ್ಷೆಗೆ ಮುಂಚೆಯೇ, ಏಪ್ರಿಲ್‌ನಲ್ಲಿ, ಸಮುದ್ರಕ್ಕಿಳಿದು ಹೆಣವಾಗಿ ಬಂದಿದ್ದಳು.

"ಏನು ಮಾಡಿಟ್ಟಿದ್ದೀಯೋ ಮೊಖ್ತಾರ್?" ಎಂದು ಆಫೀಸಿನ ಜೊತೆಗಾರನ ಮೇಲೆ ಹರಿಹಾಯ್ದೆ. ನೂಕುನುಗ್ಗಲಿಗೆ ನಮ್ಮ ಜಾವಾ ಸರ್ವರ್ ಮಲಗಿಬಿಡದಿರಲೆಂದು, ಒಮ್ಮೆ ತಯಾರಾದ ಪುಟವನ್ನು ಇಡಿಯಾಗಿ ತೆಗೆದಿಟ್ಟು, ಮತ್ತೆ ಕೇಳಿದಾಗ ಅದನ್ನೇ ಕೊಡುವ ಏರ್ಪಾಡು ಅವನದು. ಪುಟ ಯಾವ ನಂಬರಿನದೆಂದು ಗುರುತು ಹಾಕುವುದನ್ನೇ ಪುಣ್ಯಾತ್ಮ ಮರೆತಿದ್ದ. ಮೊದಲು ಕೇಳಿದವರ ಪುಟವೇ ಊರಿಗೆಲ್ಲ ಹೋಗುತ್ತಿತ್ತು.

"ಅಳಿಸ್ತೀನಿ ತಾಳು, ಬಾಯಿ ಮಾಡ್ಬೇಡ," ಎಂದು ತೆಗೆದಿಟ್ಟ ಪುಟವನ್ನು ಅಳಿಸಿದ. ಮತ್ತೆ ರುಮೈಸಾ. ಇನ್ನೊಮ್ಮೆ ಅಳಿಸಿದ. ಸಾವಿರಾರು ಜನ ಮುಗಿಬಿದ್ದಿರುವಾಗ ಮತ್ತೆ ಅವಳೇ ಮೊದಲು! ಮೊಖ್ತಾರ್ ಕೈ ಹಿಂದಕ್ಕೆಳೆದುಕೊಂಡ. "ನಾನಿನ್ನು ಮುಟ್ಟಲ್ಲ ಕಣೇ. ನೀನೇ ನೋಡ್ಕೋ."

ನಾನು ಸರ್ವರಿನ ದಾಖಲೆ ತೆಗೆದು ನೋಡಿದೆ. ಯಾರೋ ಒಬ್ಬರು ಒಂದೇ ಕಡೆಯಿಂದ ಬಿಡುವಿಲ್ಲದೆ ಅವಳ ನಂಬರನ್ನೇ ಒತ್ತುತ್ತಿದ್ದರು. ಆ ನಂಬರ್ ಮನೆಯವರಿಗಲ್ಲದೆ ಇನ್ನಾರಿಗೆ ಗೊತ್ತು?

"ಇನೆಸ್, ರುಮೈಸಾ ಅಪ್ಪನ ಹತ್ರ ಹೋಗು. ಫೋನ್ ಇಡ್ಬೇಡ," ಎಂದೆ. ಇತ್ತ ಪುಟಕ್ಕೆ ನಂಬರಿನ ಗುರುತು ಸೇರಿಸಲು ಕೂತೆ.

ಫೋನಿನಲ್ಲಿ ಬಾಗಿಲು ತೆರೆದ ಸದ್ದು. ಟಕ್, ಟಕ್ ಎಂದು ಗುಂಡಿ ಒತ್ತುವುದು ಕೇಳಿಸಿತು.

"ಲಖ್ದರ್ ಮಾಮಾ, ಸ್ವಲ್ಪ ನಿಲ್ಲಿಸ್ತೀರಾ? ನಮ್ಗೆ ಯಾರ್ಗೂ ರಿಸಲ್ಟ್ ಸಿಗ್ತಿಲ್ಲ."

"ಬಾ ಮಗಳೇ. ಗೈರುಹಾಜರು ಅಂತ ತಪ್ಪು ತೋರಿಸ್ತಿದೆ. ಸರಿಯಾಗೋವರೆಗೂ ನೋಡ್ತೀನಿ." ದನಿ ಬಹಳ ಶಾಂತವಾಗಿತ್ತು.

ಅಷ್ಟರಲ್ಲಿ ನನ್ನ ಕೆಲಸ ಮುಗಿಯಿತು. ಎಲ್ಲರಿಗೂ ಅವರವರ ಪುಟ ಬಂತು. ಬೀದಿಯಲ್ಲಿ ಕೂಗೋ ಕೂಗು. ಇನೆಸ್ ಪಾಸಾಗಿದ್ದಳು. ಆದರೆ ಆ ಮನೆಯಲ್ಲಿ ಟಕ್ ಟಕ್ ನಿಲ್ಲಲಿಲ್ಲ.

"ಪರೀಕ್ಷೇಲಿ ನಿನ್ನ ಹಿಂದಿನ ಬೆಂಚು ಅವಳದ್ದೇ ಅಲ್ವೇನಮ್ಮಾ? ನೀನೇ ಹೇಳು, ಬಂದಿದ್ಲು ತಾನೇ?"

ಇನೆಸ್ ಕುರ್ಚಿ ಎಳೆದು ಕೂತ ಸದ್ದು ಕೇಳಿಸಿತು.

"ಬಂದಿದ್ಲು ಮಾಮಾ. ನಾನು ತಿರುಗಿ ನೋಡ್ಲಿಲ್ಲ. ಪೆನ್ನಿನ ಸದ್ದು ಕೇಳ್ತಿತ್ತು."

ಗುಂಡಿಯ ಸದ್ದು ನಿಂತಿತು. ಮುದುಕನ ಸಮಾಧಾನಕ್ಕೆ ಹಾಗೆ ಹೇಳಿದಳೋ, ಪೆನ್ನಿನ ಸದ್ದು ನಿಜಕ್ಕೂ ಕೇಳಿತ್ತೋ, ಇವತ್ತಿನವರೆಗೂ ನಾನು ಅವಳನ್ನು ಕೇಳಿಲ್ಲ. ಕೇಳಲು ನನಗೆ ಭಯ.