ಜಗಲಿಯಲ್ಲಿ ತಿದ್ದಿದ ಕೀರ್ತನೆಗಳು

ಅನುವಾದ ಮಂಡಳಿಯ ಕಾರ್ಯದರ್ಶಿ ರೆಜಿನಾಲ್ಡರು ಮಂಗಳೂರಿನಿಂದ ಬದಿಯಡ್ಕಕ್ಕೆ ಬಂದದ್ದು ನನ್ನ ಐದನೆಯ ಪತ್ರಕ್ಕೆ. ಮೊದಲಿನ ನಾಲ್ಕಕ್ಕೆ ಅವರು ಉತ್ತರವನ್ನೇ ಬರೆದಿರಲಿಲ್ಲ.

ನಾನು ಕೇಳಿದ್ದು ಇಷ್ಟೇ. ಮಂಡಳಿ ಕೊಂಕಣಿಗೆ ತಂದು ಅಚ್ಚು ಹಾಕಿಸಿದ ಬೈಬಲಿನ ಕೀರ್ತನೆಗಳನ್ನು, ಕಂಪ್ಯೂಟರಿನಲ್ಲಿ ಬೈಬಲ್ ಓದುವ ಒಂದು ಸಾಫ್ಟ್‌ವೇರಿಗೆ ಸೇರಿಸಲು ಒಪ್ಪಿಗೆ ಬೇಕಿತ್ತು. ಆ ಸಾಫ್ಟ್‌ವೇರನ್ನು ಯಾರು ಬೇಕಾದರೂ ನಕಲು ಮಾಡಿ ಇನ್ನೊಬ್ಬರಿಗೆ ಕೊಡಬಹುದು. ಅದರೊಳಗಿನ ಪಠ್ಯವನ್ನೂ ಹಾಗೆಯೇ ಕೊಡುವಂತಿರಬೇಕು ಎಂಬುದು ಅದನ್ನು ಬರೆದವರ ಷರತ್ತು. ಒಪ್ಪಿಗೆ ಬಂದೀತೆಂದು ನಂಬಿ ಹದಿನಾಲ್ಕು ತಿಂಗಳು, ಶಾಲೆ ಬಿಟ್ಟ ಮೇಲೆ ಯೂಸುಫನ ಕಂಪ್ಯೂಟರ್ ಸೆಂಟರಿನಲ್ಲಿ ಕುಳಿತು, ನೂರೈವತ್ತು ಕೀರ್ತನೆಗಳನ್ನೂ ಟೈಪ್ ಮಾಡಿ ಫ್ಲಾಪಿಗಳಲ್ಲಿ ಇಟ್ಟಿದ್ದೆ.

"ಟೀಚರೇ, ಕೇಳ್ಲಿಕ್ಕೆ ಹೋದದ್ದೇ ತಪ್ಪು," ಎನ್ನುತ್ತಿದ್ದ ಯೂಸುಫ್. "ಸುಮ್ಮನೆ ಕಾಪಿ ಮಾಡಿ ಕೊಟ್ಟಿದ್ದರೆ ಯಾರು ನೋಡ್ಲಿಕ್ಕೆ ಬರ್ತಿದ್ದರು?"

ನನಗೆ ಹೆದರಿಕೆ. ನನ್ನ ಕೆಲಸ ಇಗರ್ಜಿಯ ಪಾದ್ರಿಗಳು ನಡೆಸುವ ಶಾಲೆಯಲ್ಲಿ.

ರೆಜಿನಾಲ್ಡರು ಯೂಸುಫನ ಸೆಂಟರಿಗೆ ಬಂದಾಗ ಬೆನೆಡಿಕ್ಟಾ ಮೌಶಿ, ನನ್ನ ತಾಯಿಯ ಅಕ್ಕ, ಪರದೆಗೆ ಮೂಗು ತಾಗಿಸುವಷ್ಟು ಹತ್ತಿರ ಕುಳಿತು ಓದುತ್ತಿದ್ದರು. ಅವರ ಕಣ್ಣಿನ ನಡುಭಾಗ ಮಸುಕಾಗಿ ಮೂರು ವರ್ಷ. ಅಚ್ಚಿನ ಪುಸ್ತಕ ಅವರಿಗೆ ಮುಚ್ಚಿಹೋಗಿತ್ತು. ಇಲ್ಲಿ ಅಕ್ಷರಗಳನ್ನು ಲಿಂಬೆಹಣ್ಣಿನಷ್ಟು ದೊಡ್ಡದು ಮಾಡಿ, ಒಂದು ಸಾಲಿಗೆ ಎರಡೇ ಶಬ್ದದಂತೆ ಓದುತ್ತಿದ್ದರು.

ರೆಜಿನಾಲ್ಡರು ಚೀಲದಿಂದ ಒಂದು ಕಾಗದ ತೆಗೆದರು. "ಬೆನೆಡಿಕ್ಟಾ ಬಾಯಿಗೆ ಕಣ್ಣು ಕಾಣದ ಕಾರಣ ಈ ಒಂದು ಕಂಪ್ಯೂಟರಿನಲ್ಲಿ ಇರ್ಲಿ, ಅದಕ್ಕೆ ಅಡ್ಡಿ ಇಲ್ಲ. ಆದರೆ ಬೇರೆ ಯಾರಿಗೂ ಕೊಡುವಂತಿಲ್ಲ. ಫ್ಲಾಪಿಗಳನ್ನು ನನ್ನ ಎದುರೇ ಅಳಿಸಿ ಇದಕ್ಕೆ ಸೈನ್ ಮಾಡಿ, ಆನಿ ಟೀಚರ್."

"ಎಂತಕ್ಕೆ ಅಳಿಸುವುದು?" ಮೌಶಿ ಪರದೆಯಿಂದ ಮುಖ ತಿರುಗಿಸದೆ ಕೇಳಿದರು.

"ಹಕ್ಕು ಮಂಡಳಿಯದ್ದು, ಬಾಯಿ. ಹೀಗೆ ಬಿಟ್ಟರೆ ನಾಳೆ ಯಾರಾದರೂ ದೇವರ ವಾಕ್ಯ ತಿದ್ದಿಬಿಡ್ತಾರೆ."

"ತಿದ್ದಿದ್ದು ನಾವೇ ಅಲ್ವಾ?"

ರೆಜಿನಾಲ್ಡರು ನಕ್ಕರು. ಆ ನಗೆ ನನ್ನ ಕಿವಿಯಲ್ಲಿ ಇನ್ನೂ ಉಂಟು.

ಮೌಶಿ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಹನ್ನೊಂದು ವರ್ಷಗಳ ಹಿಂದೆ, ಎರಡು ವರ್ಷ, ಈಸ್ಟರಿಗೆ ಮುಂಚಿನ ತಪಸ್ಸು ಕಾಲ ಪೂರ್ತಿ, ಇದೇ ರೆಜಿನಾಲ್ಡರು ಮೌಶಿಯ ಜಗಲಿಯಲ್ಲಿ ಕುಳಿತು ಕರಡು ಓದುತ್ತಿದ್ದರು. ಅರ್ಥವಾಗದಲ್ಲಿ ಕೈ ಎತ್ತಬೇಕೆಂದು ಕೇರಿಯ ಹೆಂಗಸರಿಗೆ ಹೇಳಿದ್ದರು. ಅವರು ಎತ್ತಿದರು. ಆಗ ನಾನು ಕಾಲೇಜಿನಲ್ಲಿದ್ದೆ. ಹೆಂಗಸರು ಹೇಳಿದ ಶಬ್ದಗಳನ್ನು ಕರಡಿನ ಅಂಚಿನಲ್ಲಿ ಬರೆಯುತ್ತಿದ್ದವಳು ನಾನೇ.

"ಕಣಿವೆ ಅನ್ಲಿಕ್ಕೆ ಎಂತದೋ ಪಂಡಿತರ ಶಬ್ದ ಹಿಡ್ಕೊಂಡು ಬಂದಿದ್ದೆ ನೀನು," ಎಂದರು ಮೌಶಿ. ಯಾವಾಗಲೂ ಗೌರವದಿಂದ ಕರೆಯುತ್ತಿದ್ದ 'ರೆಜಿನಾಲ್ಡ್ ಬಾಬ್' ಹೋಗಿ 'ನೀನು' ಬಂದಿತ್ತು. "ಸೊಪ್ಪಿಗೆ ಹೋಗುವಾಗ ನಾವು ಹೇಳುವ ಶಬ್ದ ಕೊಟ್ಟವಳು ನಾನು. ನನ್ನ ಕಷಾಯ ಕುಡಿದು ಬರ್ಕೊಂಡು ಹೋದಿ. ಈಗ ಅದನ್ನು ಓದ್ಲಿಕ್ಕೆ ನಿನ್ನ ಚೀಟಿ ಬೇಕಾ?"

"ಪುಸ್ತಕದ ಕೊನೆಗೆ ಊರವರಿಗೆಲ್ಲ ಕೃತಜ್ಞತೆ ಹೇಳಿದ್ದೇವೆ, ಬಾಯಿ."

"ಹೆಸರು ಉಂಟಾ ನಮ್ಮದು?"

ಇರಲಿಲ್ಲ. 'ಸಹಕರಿಸಿದ ಭಾಷಾಪ್ರೇಮಿಗಳು' ಎಂದಿತ್ತು. ಆ ಪುಟವನ್ನೂ ನಾನೇ ಟೈಪ್ ಮಾಡಿದ್ದೆ. ಆಗ ಸಿಟ್ಟು ಬಂದಿರಲಿಲ್ಲ. ಈಗ ಬೆರಳ ತುದಿಯವರೆಗೂ ಬಂತು.

"ಭಾಷಾಪ್ರೇಮಿ ಅಂದ್ರೆ ಬಾಯಮ್ಮನಾ?" ಎಂದ ಯೂಸುಫ್.

ರೆಜಿನಾಲ್ಡರು ಪೆನ್ನು ನನ್ನತ್ತ ಚಾಚಿದರು. "ಟೀಚರ್, ನಿಮ್ಮ ಶಾಲೆಯ ಮ್ಯಾನೇಜರ್ ಫಾದರ್ ನಮ್ಮ ಮಂಡಳಿಯಲ್ಲೂ ಇದ್ದಾರೆ. ಇದು ದೊಡ್ಡದಾಗುವುದು ಬೇಡ."

ಮೆತ್ತಗೆ, ಹಿತ ಬಯಸುವವರ ಹಾಗೆ ಹೇಳಿದರು. ಸಹಿ ಮಾಡಬೇಕೆಂದೇ ಬೆಳಿಗ್ಗೆ ಮನೆಯಿಂದ ಹೊರಟಿದ್ದ ನಾನು ಪೆನ್ನು ಮುಟ್ಟಲಿಲ್ಲ.

"ಇಲ್ಲಿ ಸಹಿ ಮಾಡುವುದಿಲ್ಲ," ಎಂದೆ. "ಅಳಿಸುವುದೂ ಇಲ್ಲ. ಫಾದರ್‌ಗೆ ನೀವೇ ಹೇಳಿ."

"ಹಂಚಿದರೆ ಅದು ಕಳ್ಳತನ."

"ಹೌದು, ಹಂಚಿದ ಮೇಲೆ ಬನ್ನಿ."

ಅವರು ಕಾಗದ ಮಡಚಿ ಚೀಲಕ್ಕೆ ಹಾಕಿ, ಕಾಸರಗೋಡಿನ ಬಸ್ಸಿಗೆ ನಡೆದರು.

ಒಪ್ಪಿಗೆಯಿಲ್ಲದ ಪಠ್ಯವನ್ನು ಆ ಸಾಫ್ಟ್‌ವೇರಿನವರು ಸೇರಿಸಿಕೊಳ್ಳುವುದಿಲ್ಲ. ಅವರ ನಿಯಮ ಸರಿಯಾದದ್ದೇ. ಜಗತ್ತಿನ ಎಷ್ಟೋ ಭಾಷೆಗಳಿರುವ ಅವರ ಸಿ.ಡಿ.ಯಲ್ಲಿ ನಮ್ಮದು ಬರಲಾರದು. ಹದಿನಾಲ್ಕು ತಿಂಗಳ ಕೆಲಸ ಇನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಮಾತ್ರ ಹೋಗಬೇಕು.

ಯೂಸುಫ್ ಹೊಸ ಫ್ಲಾಪಿಗಳ ಡಬ್ಬಿ ತೆಗೆದು ನನ್ನ ಮುಖ ನೋಡಿದ. "ಕಾಪಿ ಮಾಡ್ಲಾ, ಟೀಚರೇ?"

"ಸ್ವಲ್ಪ ನಿಲ್ಲು."

ಮೌಶಿಯನ್ನು ಪಕ್ಕಕ್ಕೆ ಸರಿಸಿ, ಮೊದಲ ಕೀರ್ತನೆಯ ಮೇಲೆ ಜಾಗ ಮಾಡಿ ಟೈಪ್ ಮಾಡಿದೆ: 'ಇದನ್ನು ಹಂಚಲು ಮಂಡಳಿಯ ಒಪ್ಪಿಗೆ ಇಲ್ಲ. ಜಗಲಿಯಲ್ಲಿ ಇದನ್ನು ತಿದ್ದಿದವರು ಬೆನೆಡಿಕ್ಟಾ ಮತ್ತು ಕೇರಿಯ ಎಂಟು ಹೆಂಗಸರು.' ಮೌಶಿ ಒಬ್ಬೊಬ್ಬರ ಹೆಸರನ್ನೂ ಹೇಳಿದರು, ಅವರಲ್ಲಿ ಇಬ್ಬರು ತೀರಿಕೊಂಡವರು. ಎಲ್ಲರ ಕೆಳಗೆ 'ಹಂಚುತ್ತಿರುವವಳು' ಎಂದು ಬರೆದು ನನ್ನ ಪೂರ್ತಿ ಹೆಸರು, ಮನೆಯ ವಿಳಾಸ ಹಾಕಿದೆ.

"ಈಗ ಮಾಡು," ಎಂದೆ ಯೂಸುಫನಿಗೆ. "ಡಬ್ಬಿ ಮುಗಿಯುವವರೆಗೆ."