ಹೋಲಿಕೆ ಗ್ರಾಮದ ಸಂಕ

ಮೂರು ವಿದೇಶಿ ಸಂಸ್ಥೆಗಳು ಒಂದಾಗಿ ಕೆಲಸ ಮಾಡಬೇಕೆಂದು ತೀರ್ಮಾನಿಸಿದ್ದಕ್ಕೆ ಕಾರಣ ಮುಂಡಗಾರಿನ ಸುಬ್ಬಿಯ ಕೈಗಳು. ಶೃಂಗೇರಿ ಕಡೆಯ ಆ ಊರಿಗೆ ಒಂದು ವಾರ ಬಿಳಿ ಜೀಪಿನವರು ಬಂದು ಆಕೆಗೆ ಸೋಪು ಹಚ್ಚಿ ಕೈ ತೊಳೆಯುವುದನ್ನು ಕಲಿಸಿ ಹೋದರು. ಹಿಂದೆಯೇ ನೀಲಿ ಜೀಪಿನವರು ಬಂದು ಅದನ್ನೇ ಕಲಿಸಿದರು. ಹಸಿರು ಜೀಪು ಬಂದು ನಿಂತಾಗ ಸುಬ್ಬಿ ಕೈಗಳನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡು, "ಇನ್ನು ತೊಳೆದ್ರೆ ಚರ್ಮ ಉಳಿಯಲ್ಲ ಸ್ವಾಮಿ, ಬೇಕಿದ್ರೆ ಕಾಲು ತೊಳೀರಿ" ಎಂದಳು. ಈ ಮಾತು ವರದಿಯಾಗಿ, ಭಾಷಾಂತರವಾಗಿ, ಸಮುದ್ರ ದಾಟಿ, ಮೂರು ದೇಶಗಳ ಮೂರು ಕಚೇರಿಗಳಲ್ಲಿ ಏಕಕಾಲಕ್ಕೆ ನಾಚಿಕೆ ಹುಟ್ಟಿಸಿತು.

ಹೀಗೆ 2006ರ ಹೊಸ ವರ್ಷಕ್ಕೆ ಕೊಪ್ಪದಲ್ಲಿ, ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲೆ, ಜಂಟಿ ಸಮನ್ವಯ ಕಚೇರಿ ಶುರುವಾಯಿತು. ಗೋಡೆಯ ಮೇಲೆ, ಬಡತನ ನೀಗಿಸಲು ಜಗತ್ತೆಲ್ಲ ಒಪ್ಪಿದ ಎಂಟು ಗುರಿಗಳ ಬಣ್ಣದ ಪಟ. ಪಟದ ಕೆಳಗೆ ಕಾಂತೇಶನ ಮೇಜು.

ಕಾಂತೇಶ ನರಸಿಂಹರಾಜಪುರದವನು. ಅಲ್ಲಿ ಡಿಟಿಪಿ ಸೆಂಟರ್ ಇಟ್ಟು, ಲಗ್ನಪತ್ರಿಕೆಗಳಲ್ಲಿ ತಾಲ್ಲೂಕಿನ ಅರ್ಧ ಮದುಮಕ್ಕಳನ್ನು ಬೇರೆಯವರ ಮದುಮಕ್ಕಳ ಜೊತೆ ಅಚ್ಚು ಹಾಕಿಸಿ, ಜನ ಹೊಡೆಯಲು ಬರುವ ಮೊದಲೇ ಮುಚ್ಚಿದವನು. ಸಮನ್ವಯ ಸಹಾಯಕನ ಈ ಕೆಲಸ ಅವನಿಗೆ ಸಿಕ್ಕಿದ್ದು ದೈವಕೃಪೆ ಎಂದು ಮನೆಯವರೂ, ಜನರ ಸಹಭಾಗಿತ್ವ ಎಂದು ಕಚೇರಿಯವರೂ ನಂಬಿದ್ದರು. ಮಳೆಗಾಲದಲ್ಲಿ ನಡೆಯುವ ಮೌಲ್ಯಮಾಪನ ಮುಗಿಯುವವರೆಗೆ ಕೆಲಸ ಖಚಿತ, ಆಮೇಲಿನದು ಆಮೇಲೆ.

ಯೋಜನೆ ಸರಳವಾಗಿತ್ತು. ಮುಂಡಗಾರಿಗೆ ಒಂದು ಕಬ್ಬಿಣದ ಸೇತುವೆ ಕಟ್ಟಿಕೊಡುವುದು. ಅಂಥದೇ ಇನ್ನೊಂದು ಊರಿಗೆ ಏನೂ ಕೊಡದೆ ಸುಮ್ಮನೆ ನೋಡುವುದು. ಮಳೆಗಾಲದಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು ಅಳೆದರೆ ಸೇತುವೆಯಿಂದ ಆದ ಉಪಕಾರವೆಷ್ಟು ಎನ್ನುವುದು ತಾನಾಗಿ ತಿಳಿಯುತ್ತದೆ. ಹಾಗೆ ಏನೂ ಪಡೆಯದಿರಲು ಆಯ್ಕೆಯಾದ ಊರಿಗೆ ಹೋಲಿಕೆ ಗ್ರಾಮ ಎಂದು ಹೆಸರು. ನರಸಿಂಹರಾಜಪುರ ತಾಲ್ಲೂಕಿನಲ್ಲಿ ಹಳ್ಳದಾಚೆ ಇರುವ ಹಲಸಿನಕುಡಿಗೆಗೆ ಆ ಯೋಗ ಬಂತು. ಕಾಂತೇಶನ ಅಕ್ಕ ಗಂಗಾಂಬಿಕೆಯನ್ನು ಕೊಟ್ಟಿದ್ದೂ ಅದೇ ಊರಿಗೆ.

ಏಪ್ರಿಲಿನಲ್ಲಿ ಸಮೀಕ್ಷೆಗೆ ಹೋದಾಗ ಹಳ್ಳದ ಕಲ್ಲುಗಳು ಬಿಸಿಲು ಕಾಯಿಸುತ್ತಿದ್ದವು. ಕಚೇರಿಯ ಮುಖ್ಯಸ್ಥೆ ಶಿಲ್ಪಶ್ರೀ ಮೇಡಂ ಚಪ್ಪಲಿ ಕೂಡ ಒದ್ದೆಯಾಗದಂತೆ ಹಳ್ಳ ದಾಟಿ ಕೇಳಿದರು.

"ಕಾಂತೇಶ್, ಇಲ್ಲಿ ಸೇತುವೆ ಇದೆಯಾ?"

"ಇಲ್ಲ ಮೇಡಂ."

"ಕಾಲುಸಂಕ?"

"ಅದೂ ಇಲ್ಲ ಮೇಡಂ."

ಅದು ಸುಳ್ಳಲ್ಲ. ಏಪ್ರಿಲಿನಲ್ಲಿ ಹಲಸಿನಕುಡಿಗೆಯಲ್ಲಿ ಸಂಕ ಇರುವುದಿಲ್ಲ. ಮಳೆಗೆಂದು ತಲೆಗೆ ಕಂಬಳಿಕೊಪ್ಪೆ ಹಾಕಿಕೊಂಡವರೂ ಇರುವುದಿಲ್ಲ. ಮೃಗಶಿರಾ ಮಳೆ ಹಿಡಿಯುವ ಮೊದಲು ಮನೆಗೊಂದು ಆಳು ಬಂದು, ಅಡಿಕೆ ಮರದ ಕಾಂಡಗಳನ್ನು ಸಾಲಾಗಿ ಹಳ್ಳಕ್ಕೆ ಅಡ್ಡ ಹಾಸಿ, ಕೈಗೆ ಆಸರೆಯಾಗಿ ಬಿದಿರು ಕಟ್ಟಿದರೆ ಅದು ಸಂಕ. ದೀಪಾವಳಿಯ ಹೊತ್ತಿಗೆ ನೀರಿಳಿದಾಗ ಅದನ್ನೇ ಕಿತ್ತು ಸೀಳಿ, ಎಣ್ಣೆಸ್ನಾನದ ಹಂಡೆಯ ಒಲೆಗೆ ಹಾಕುತ್ತಾರೆ. ಎಲ್ಲರಿಗೂ ಗೊತ್ತಿರುವ ಈ ವಿಷಯವನ್ನು ಆ ಕಡೆ ಯಾರೂ ಯಾರಿಗೂ ಹೇಳುವುದಿಲ್ಲ. ಕಾಂತೇಶನೂ ಹೇಳಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟು, ಅಕ್ಕನ ಮನೆಯಲ್ಲಿ ಕಡುಬು ತಿಂದು ವಾಪಸು ಬಂದ.

ಮೇ ಕೊನೆಯಲ್ಲಿ ಕಚೇರಿಗೆ ಅಕ್ಕನ ಫೋನು ಬಂತು.

"ಕಾಂತಾ, ಬುಧವಾರ ಸಂಕ ಹಾಕ್ತಾರೆ. ನಿಮ್ ಭಾವ ಸೊಂಟ ಹಿಡ್ಕಂಡು ಮಲಗಿದಾರೆ. ಮನೆ ಆಳಾಗಿ ನೀನು ಬಾ."

"ನಂಗೆ ಆಫೀಸು ಅಕ್ಕಾ."

"ನಿನ್ ಆಫೀಸಲ್ಲಿ ಎಂತ ಮಾಡ್ತೀರಿ ಅಂತ ನಾ ಕಂಡಿಲ್ವಾ? ಗೌರಿ ಕರು ಹಾಕಿದೆ ಕಣಾ, ಕ್ಯಾನ್ ತುಂಬಾ ಹಾಲು. ಸಂಕ ಇಲ್ದೆ ಡೈರಿಗೆ ಹೆಂಗೆ ಮುಟ್ಟಿಸ್ಲಿ? ಹಳ್ಳದಲ್ಲಿ ತೇಲಿಬಿಡ್ಲಾ?"

ಕಾಂತೇಶ ರಜೆ ಅರ್ಜಿ ಕೊಟ್ಟ. ಕಾರಣ: ಸಂಕ ಹಾಕುವುದು. ಶಿಲ್ಪಶ್ರೀ ಮೇಡಂ ಅದನ್ನು ಓದಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಓದಿ, ಮೂರೂ ಜೀಪುಗಳಿಗೆ ಬುಲಾವ್ ಕಳಿಸಿದರು.

ಅಲ್ಲಿಯವರೆಗೆ ಆ ಮೂರು ಸಂಸ್ಥೆಗಳು ಒಮ್ಮತಕ್ಕೆ ಬಂದ ವಿಷಯವೆಂದರೆ ಸಭೆಯ ನಡುವೆ ಚಹಾ ಬೇಕು ಎನ್ನುವುದೊಂದೇ. ಮುಂಡಗಾರಿನ ಸೇತುವೆಯಲ್ಲಿ ಕಂಬ ಬಿಳಿ ಜೀಪಿನವರದ್ದು, ಹಲಗೆ ನೀಲಿಯವರದ್ದು, ಬದಿಗೆ ಆಸರೆಯ ಕಟಕಟೆ ಹಸಿರಿನವರದ್ದು ಎಂದು ಹಂಚಿಕೆಯಾಗಿತ್ತು. ಕಂಬಗಳೇನೋ ಎದ್ದಿದ್ದವು. ಹಲಗೆಗಳು ಶೃಂಗೇರಿಯಲ್ಲಿ ಯಾರದೋ ಒಪ್ಪಿಗೆಗೆ ಕಾದು ಗೆದ್ದಲಿಗೆ ಪರಿಚಯವಾಗುತ್ತಿದ್ದವು. ಕೊಟ್ಟ ಗಡುವು ಮೀರಬಾರದೆಂದು ಹಸಿರಿನವರು ಕಟಕಟೆಯನ್ನು ದಡದ ಮೇಲೆಯೇ ನಿಲ್ಲಿಸಿ ಹೋಗಿದ್ದರು. ಯಾರೂ ಬೀಳುವ ಭಯವಿಲ್ಲದ ಆ ಬಯಲಿನಲ್ಲಿ ಸುಬ್ಬಿ ಅದರ ಮೇಲೆ ಬಟ್ಟೆ ಒಣಹಾಕುತ್ತಿದ್ದಳು.

ಆದರೆ ಹಲಸಿನಕುಡಿಗೆಯ ಸುದ್ದಿ ಕೇಳಿದ್ದೇ ಮೂವರಿಗೂ ಒಂದೇ ನಾಲಿಗೆ ಬಂತು. ಏನೂ ಇಲ್ಲವೆಂದು ಬರೆದುಕೊಂಡ ಊರಿನಲ್ಲಿ ಸಂಕ ಎದ್ದರೆ ಗತಿಯೇನು? ಕೊಟ್ಟ ಊರಲ್ಲಿ ಸೇತುವೆ ಇಲ್ಲ, ಕೊಡದ ಊರಲ್ಲಿ ಇದೆ ಎಂದಾದರೆ ಹೋಲಿಸುವುದು ಯಾವುದನ್ನು ಯಾವುದಕ್ಕೆ? ಚಹಾ ಬರುವ ಮೊದಲೇ ನಿರ್ಣಯವಾಯಿತು: ಮೌಲ್ಯಮಾಪನ ಮುಗಿಯುವವರೆಗೆ ಹಲಸಿನಕುಡಿಗೆಯಲ್ಲಿ ಏನೂ ಆಗಕೂಡದು. ಬುಧವಾರ ಮೂರೂ ಜೀಪುಗಳು ಒಂದರ ಹಿಂದೊಂದು ಹೊರಟವು. ಕಾಂತೇಶ ಮುಂದಿನ ಜೀಪಿನಲ್ಲಿ, ತೀರಾ ಹಿಂದಿನದರಲ್ಲಿ ಕೂತಿದ್ದರೆ ಚೆನ್ನಾಗಿತ್ತು ಎಂದುಕೊಳ್ಳುತ್ತಾ ಕೂತಿದ್ದ.

ಹಳ್ಳದ ದಡದಲ್ಲಿ ಊರಿನವರು ಆಗಲೇ ಮರ ಕಡಿದು ತಂದು ಹಾಕಿದ್ದರು. ಅಕ್ಕನ ಮಾವ ಮರುಳಸಿದ್ದಪ್ಪ ಎಲೆಯಡಿಕೆ ಹಾಕಿಕೊಂಡು ಹಗ್ಗ ಹೊಸೆಯುತ್ತಿದ್ದರು. ಕಾಂತೇಶ ನಿಂತಲ್ಲೇ ಎಲ್ಲವನ್ನೂ ವಿವರಿಸಿದ. ಮರುಳಸಿದ್ದಪ್ಪ ಪೂರ್ತಿ ಕೇಳಿಸಿಕೊಂಡು, ಪಕ್ಕಕ್ಕೆ ಉಗಿದು ಹೇಳಿದರು.

"ಏನೂ ಕೊಡದೇ ಇರೋರನ್ನ ಬೇಕಾದಷ್ಟು ಕಂಡೀವಿ ಮಾರಾಯ, ಓಟು ಹಾಕೀವಿ ಅಂಥವ್ರಿಗೆ. ಕೊಡಲ್ಲ ಅಂತ ಹೇಳೋಕೆ ಮೂರು ಜೀಪಲ್ಲಿ ಬರೋರನ್ನ ಮಾತ್ರ ಇವತ್ತೇ ಕಂಡಿದ್ದು."

"ಹಾಗಲ್ಲ ಮಾವ, ನೀವು ಹೋಲಿಕೆ ಗ್ರಾಮ. ನೀವು ಹಿಂಗೇ ಇದ್ರೆ ಅಲ್ಲವಾ ಬೇರೆಯವರು ಮುಂದೆ ಬಂದಿದ್ದು ಗೊತ್ತಾಗೋದು?"

"ಅವರು ಮುಂದೆ ಬರ್ಲಿ ಬಿಡು. ನಾವು ಹಳ್ಳದ ಆಚೆಗೆ ಬಂದ್ರೆ ಸಾಕು."

ಗಂಗಾಂಬಿಕೆ ಬಾಯಿಗೆ ಸೆರಗು ಹಿಡಿದು ತಮ್ಮನನ್ನೇ ನೋಡುತ್ತಿದ್ದಳು. ನಗು ತಡೆಯಲಿಕ್ಕೋ ಬೈಗುಳ ತಡೆಯಲಿಕ್ಕೋ ಅವನಿಗೆ ತಿಳಿಯಲಿಲ್ಲ. ಕೊನೆಗೆ ಅವಳು, "ನಾಳೆಯಿಂದ ಹಾಲು ನಿನ್ನ ಆಫೀಸಿಗೇ ತಂದು ಸುರೀತೀನಿ. ಆ ಎಂಟು ಗುರಿ ಪಟಕ್ಕೆ ಅಭಿಷೇಕ ಮಾಡ್ಕಳಿ" ಎಂದಳು.

ಅಕ್ಕನ ಹಾಲು ಒಂದು ಕಡೆ, ತನ್ನ ಕೆಲಸ ಇನ್ನೊಂದು ಕಡೆ. ನಡುವೆ ಒಣಗಿದ ಹಳ್ಳ. ಅದನ್ನೇ ದಿಟ್ಟಿಸುತ್ತಿದ್ದ ಕಾಂತೇಶನಿಗೆ ಥಟ್ಟನೆ ಒಂದು ಸಂಶಯ ಬಂತು.

"ಮೇಡಂ, ಮೌಲ್ಯಮಾಪನಕ್ಕೆ ವಿದೇಶದಿಂದ ಮಾರ್ಟಿನ್ ಸಾಹೇಬರು ಬರೋದು ಆಗಸ್ಟಿನಲ್ಲಿ. ಆಗ ಇಲ್ಲಿ ಆನೆಯೂ ದಾಟೋ ಹಾಗಿರಲ್ಲ. ಇಲ್ಲಿ ಸಂಕ ಇಲ್ಲ ಅಂತ ಬರೆಯೋಕಾದರೂ ಅವರು ಆಚೆ ಹೋಗಬೇಕಲ್ಲ, ಹೇಗೆ ಹೋಗ್ತಾರೆ?"

ಮೂರು ಜೀಪುಗಳ ಜನ ಮೊದಲು ಹಳ್ಳವನ್ನೂ ಆಮೇಲೆ ಒಬ್ಬರನ್ನೊಬ್ಬರನ್ನೂ ನೋಡಿಕೊಂಡರು. ಈಚೆ ದಡದಿಂದ ಧ್ವನಿವರ್ಧಕ ಹಿಡಿದು ಪ್ರಶ್ನೆ ಕೇಳಬಹುದೆಂದು ನೀಲಿಯವರು ಸೂಚಿಸಿದರು. ಖಾಸಗಿ ಪ್ರಶ್ನೆಗಳಿವೆ ಎಂದು ಹಸಿರಿನವರು ಆಕ್ಷೇಪಿಸಿದರು. ಅಲ್ಲೇ ಒಂದು ಹಲಸಿನ ಮರದಡಿ ತುರ್ತು ಸಭೆ ಕೂತಿತು. ಹೊತ್ತು ಇಳಿಯುವಷ್ಟರಲ್ಲಿ ಹೊಸ ನಿರ್ಣಯ ಹೊರಬಿತ್ತು: ಹಲಸಿನಕುಡಿಗೆಯಲ್ಲಿ ಊರಿನ ಸಂಕ ಆಗಕೂಡದು, ಮೌಲ್ಯಮಾಪನದ ಸಲಕರಣೆಯಾಗಿ ಒಂದು ಸಂಕ ಆಗಬಹುದು. ಮೌಲ್ಯಮಾಪನ ಮುಗಿದ ದಿನವೇ ಅದನ್ನು ಕಿತ್ತು ಸಲಕರಣೆಗಳ ಜೊತೆ ಕೊಪ್ಪಕ್ಕೆ ತರತಕ್ಕದ್ದು.

ಕಟ್ಟುವವರು ಯಾರು? ಊರಿನವರೇ. ಕೂಲಿ ಕೊಟ್ಟರೆ ಅದು ನೆರವಾಗುತ್ತದೆ, ಹೋಲಿಕೆ ಕೆಡುತ್ತದೆ. ಆದ್ದರಿಂದ ಕೂಲಿ ಇಲ್ಲ. ಮರ ಯಾರದು? ಅದೂ ಅವರದೇ, ಅದೇ ಕಾರಣಕ್ಕೆ. ಇಷ್ಟನ್ನೂ ಕಾಂತೇಶ ನಾಚುತ್ತಾ ಹೇಳಿದ.

"ಅಂದ್ರೆ ನಾವೇ ಮರ ಹಾಕಿ, ನಾವೇ ಕಟ್ಟೋದು, ಬಿಟ್ಟಿ," ಎಂದರು ಮರುಳಸಿದ್ದಪ್ಪ.

"ಹೌದು ಮಾವ."

"ಪ್ರತಿ ವರ್ಷಾ ಅದನ್ನೇ ಅಲ್ವೇನೋ ಮಾಡೋದು! ಏಳ್ರೋ, ಅಪ್ಪಣೆ ಸಿಕ್ತು."

ಕಾಂತೇಶ ಪ್ಯಾಂಟು ಮಡಚಿ ಮನೆ ಆಳಿನ ಕೆಲಸ ಮಾಡಿದ. ಸಂಸ್ಥೆಗಳು ಬಣ್ಣ ಮಾತ್ರ ತಮ್ಮದೇ ಇರಲಿ ಎಂದವು. ಕಾಂಡಗಳು ಮೂರೇ ಇದ್ದದ್ದು ಅನುಕೂಲವಾಯಿತು: ಒಂದಕ್ಕೆ ಬಿಳಿ, ಒಂದಕ್ಕೆ ನೀಲಿ, ಒಂದಕ್ಕೆ ಹಸಿರು. ಪೇಂಟಿನಿಂದ ಕಾಲು ಜಾರುತ್ತದೆಂದು ಹೆಂಗಸರು ಮರುದಿನವೇ ಮೇಲ್ಭಾಗಕ್ಕೆ ಬೂದಿ ಹಾಕಿ ತೆಂಗಿನ ನಾರಿನಿಂದ ತಿಕ್ಕಿದರು. ಮೌಲ್ಯಮಾಪನಕ್ಕೆ ಮಾತ್ರ ಎಂಬ ಫಲಕವನ್ನು ಸಂಸ್ಥೆಗಳವರು ದಡದಲ್ಲಿ ನೆಟ್ಟರು. ಫಲಕಕ್ಕೆ ವಿರುದ್ಧವಾಗಿ ಯಾರೂ ದಾಟದಂತೆ ನೋಡಿಕೊಳ್ಳುವ ಹೊಣೆ ಕಾಂತೇಶನ ಮೇಲೆ ಬಿತ್ತು.

ಮೃಗಶಿರಾ ಹಿಡಿದು ಹಳ್ಳ ಕೆಂಪಗೆ ತುಂಬಿದ ಬೆಳಿಗ್ಗೆ, ಗಂಗಾಂಬಿಕೆ ತಲೆಯ ಮೇಲೆ ಹಾಲಿನ ಕ್ಯಾನ್ ಹೊತ್ತು ಆಚೆ ದಡದಲ್ಲಿ ನಿಂತಳು. ಈಚೆ ದಡದಲ್ಲಿ ಫಲಕದ ಪಕ್ಕ ಕೊಡೆ ಹಿಡಿದು ತಮ್ಮ.

"ದಾಟ್ಲೇನೋ, ಅಲ್ಲ ಇಲ್ಲೇ ಮೊಸರಾಗ್ಲಾ?"

ಕಾಂತೇಶ ಒಂದು ಕ್ಷಣ ಯೋಚಿಸಿದ. "ಅಕ್ಕಾ, ಮಾರ್ಟಿನ್ ಸಾಹೇಬರು ಭಾರೀ ಆಳಂತೆ. ಸಂಕ ಅವರನ್ನ ತಡೀತದೋ ಇಲ್ಲವೋ ಅಂತ ಮೊದಲೇ ನೋಡಬೇಕು. ಭಾರ ಹೊತ್ತುಕೊಂಡು ದಾಟಿದ್ರೆ ಪರೀಕ್ಷೆ ಆಗ್ತದೆ."

"ದಿನಾ ನೋಡ್ಬೇಕಾ?"

"ಎರಡು ಹೊತ್ತೂ."

ಹಾಗೆ ಹಾಲು ಡೈರಿಗೆ ಹೋಯಿತು. ಹಗುರ ಭಾರದ ಪರೀಕ್ಷೆಗೆ ಶಾಲೆಯ ಮಕ್ಕಳು ದಾಟಿದರು. ಮರುಳಸಿದ್ದಪ್ಪನವರು ಗಾಳಿಯ ಪರೀಕ್ಷೆ ಎಂದು ಸಂಜೆ ಸಂಜೆ ದಾಟಿ ಎಲೆಯಡಿಕೆ ತಂದರು. ಪ್ರತಿ ವಾರ ಕಾಂತೇಶ ಕಚೇರಿಗೆ ವರದಿ ಒಪ್ಪಿಸುತ್ತಿದ್ದ: ಸಲಕರಣೆ ಸುಸ್ಥಿತಿಯಲ್ಲಿದೆ, ಪರೀಕ್ಷೆ ಮುಂದುವರಿದಿದೆ.

ಆಗಸ್ಟಿನಲ್ಲಿ ಮಾರ್ಟಿನ್ ಸಾಹೇಬರು ಬಂದರು. ನಿಜಕ್ಕೂ ಭಾರೀ ಆಳು. ಮುಖ ಮಾತ್ರ ಸಾಧು. ಸಂಕದ ಮಧ್ಯಕ್ಕೆ ಬಂದು, ಬಿದಿರು ಹಿಡಿದು, ಕೆಳಗೆ ಬೊಬ್ಬಿಡುತ್ತಿದ್ದ ನೀರನ್ನು ನೋಡಲಾರದೆ ಎದುರು ದಡದಲ್ಲಿದ್ದ ಮರುಳಸಿದ್ದಪ್ಪನವರನ್ನು ನೋಡಿ ಮೊದಲ ಪ್ರಶ್ನೆ ಕೇಳಿಯೇಬಿಟ್ಟರು. ಹಿಂದಿದ್ದ ಶಿಲ್ಪಶ್ರೀ ಮೇಡಂ ಕನ್ನಡದಲ್ಲಿ ಕೂಗಿದರು.

"ಈ ಊರಿಗೆ ಸಂಕ ಇದೆಯಾ?"

"ಇಲ್ಲ!" ಎಂದು ಮರುಳಸಿದ್ದಪ್ಪ ಕೂಗಿ ಹೇಳಿದರು.

ಮಾರ್ಟಿನ್ ತಮ್ಮ ಕಾಲ ಕೆಳಗೆ ನೋಡಿಕೊಂಡರು. ಇದು ಸಲಕರಣೆ ಎಂದು ಮೇಡಂ ಹಿಂದಿನಿಂದ ಸಾಹೇಬರ ಕಿವಿಯಲ್ಲಿ ಹೇಳಿದರು. ಅವರು ಬಹಳ ಹೊತ್ತು ತಲೆಯಾಡಿಸಿ, ಇಲ್ಲ ಎಂದೇ ಬರೆದುಕೊಂಡರು. ಆಮೇಲೆ ಮನೆಮನೆಗೂ ಹೋದರು. ಸಂಕವೇ ಇಲ್ಲದ ಊರಿನಿಂದ ಹಾಲು ದಿನಾ ಡೈರಿಗೆ ಹೋಗುತ್ತದೆ, ಮಕ್ಕಳು ಶಾಲೆ ತಪ್ಪಿಸುವುದಿಲ್ಲ. ಕಬ್ಬಿಣದ ಕಂಬಗಳು ಬಂದ ಮುಂಡಗಾರಿನಲ್ಲಿ ಇದೆರಡೂ ಇಲ್ಲ. ಇದರಲ್ಲಿ ಆಳವಾದ ಏನೋ ಇದೆ ಎಂದು ಅವರಿಗೆ ಖಾತ್ರಿಯಾಯಿತು. ಸಂಜೆಯ ಹೊತ್ತಿಗೆ ಒಂದು ಮನೆ ಬಿಟ್ಟು ಉಳಿದದ್ದೆಲ್ಲ ಮುಗಿದಿತ್ತು.

"ನಾಳೆ ಅದೊಂದು ಮುಗಿಸಿದರೆ ಆಯಿತು. ನಾಳೆಯೇ ಸಲಕರಣೆ ಬಿಚ್ಚಿಸಿಬಿಡಿ," ಎಂದರು ಮೇಡಂ.

ಹಳ್ಳ ಇಳಿಯುವುದು ದೀಪಾವಳಿಗೆ. ಕಾಂತೇಶ ಅಕ್ಕನ ಮನೆಗೆ ಹೋಗಿ ಜಗಲಿಯ ಮೇಲೆ ಕುಸಿದು ಕೂತ. ಉಳಿದದ್ದು ಅದೇ ಮನೆ.

"ನಾಳೆ ನಿಂಗೆ ಪ್ರಶ್ನೆ ಕೇಳಿದ ಕೂಡ್ಲೇ ಸಂಕ ಕೀಳ್ತಾರೆ ಅಕ್ಕಾ."

"ನಿಮ್ ಭಾವನ್ನ ಕೇಳ್ಬಾರ್ದಾ? ಇಲ್ಲೇ ಬಿದ್ದಿದಾರೆ."

"ಹೆಂಗಸರನ್ನೇ ಕೇಳ್ಬೇಕು ಅಂತ ಪಟದಲ್ಲಿ ಮೂರನೇ ಗುರಿ."

ಗಂಗಾಂಬಿಕೆ ಕ್ಯಾನ್ ತೊಳೆಯುತ್ತಲೇ ಕೇಳಿದಳು. "ಹಂಗಾದ್ರೆ ನಾ ಮನೇಲಿ ಇದ್ರೆ ತಾನೇ ಕೇಳೋದು?"

ಮರುದಿನ ಸಾಹೇಬರು ಬಂದಾಗ ಅವಳು ಡೈರಿಗೆ ಹೋಗಿದ್ದಳು. ಅವರು ಕಾದು ಬೇಸತ್ತು ಹಳ್ಳ ದಾಟಿ ಹೋದ ಮೇಲೆ ಮನೆಗೆ ಬಂದಳು. ಅದರ ಮರುದಿನ ಹುಲ್ಲಿಗೆ ಹೋಗಿದ್ದಳು. ಒಂದು ಸಲ ಸಂಕದ ಮಧ್ಯದಲ್ಲೇ ಇಬ್ಬರೂ ಎದುರಾದರು. ಸಾಹೇಬರು ಮರ್ಯಾದಸ್ಥರು, ತಲೆಯ ಮೇಲೆ ಭಾರ ಹೊತ್ತ ಹೆಂಗಸಿಗೆ ದಾರಿ ಬಿಡಲು ಹಿಂದಕ್ಕೆ ಹಿಂದಕ್ಕೆ ನಡೆದು ದಡ ಸೇರಿದರು. "ಮನೇಲಿ ಯಾರೂ ಇಲ್ಲ ಸ್ವಾಮಿ" ಎಂದು ಅವಳೇ ಹೇಳಿ ಹೋದಳು. ಕಾಂತೇಶ ಅದನ್ನು ಮೇಡಂಗೆ, ಮೇಡಂ ಅದನ್ನು ಸಾಹೇಬರಿಗೆ, ಒಂದಕ್ಷರ ಬದಲಿಸದೆ ಮುಟ್ಟಿಸಿದರು. ಮನೆಯಲ್ಲೇ ಕೇಳಬೇಕೆಂಬುದು ಮೂರೂ ಸಂಸ್ಥೆಗಳು ಒಪ್ಪಿದ ನಿಯಮವಾದ್ದರಿಂದ ದಾರಿಯಲ್ಲಿ ಕೇಳುವಂತಿರಲಿಲ್ಲ. ಒಂದು ಮನೆ ಬಿಟ್ಟು ಮುಗಿಸುವಂತೆಯೂ ಇರಲಿಲ್ಲ. ಸಾಹೇಬರ ವೀಸಾ ಮುಂದುವರಿಯಿತು, ಕಾಂತೇಶನ ಕೆಲಸ ಮುಂದುವರಿಯಿತು, ಸಂಕವೂ ಮುಂದುವರಿಯಿತು.

ದೀಪಾವಳಿಯ ನೀರು ತುಂಬುವ ಹಬ್ಬದ ಮರುದಿನ, ಎಣ್ಣೆಸ್ನಾನದ ಬೆಳಿಗ್ಗೆ ಸಾಹೇಬರೂ ಮೇಡಮ್ಮೂ ಬಂದಾಗ ಹಳ್ಳದಲ್ಲಿ ಕಲ್ಲುಗಳು ತಲೆಯೆತ್ತಿದ್ದವು. ಫಲಕ ಮಾತ್ರ ನಿಂತಿತ್ತು. ಪ್ಯಾಂಟು ಮಡಚಿ ದಾಟಿ ಹೋದರೆ ಜಗಲಿಯ ಮೇಲೆ ಗಂಗಾಂಬಿಕೆ ತಲೆಗೆ ಎಣ್ಣೆ ಹಚ್ಚಿಕೊಂಡು, ಕಾಲು ಚಾಚಿ, ಇಡೀ ದಿನ ಬೇರೆಲ್ಲಿಗೂ ಹೋಗುವ ಇರಾದೆಯೇ ಇಲ್ಲದವಳಂತೆ ಕೂತಿದ್ದಳು.

"ಬನ್ನಿ ಸ್ವಾಮಿ, ಬನ್ನಿ. ನಿಮ್ಮನ್ನೇ ಕಾಯ್ತಿದ್ದೆ. ಎಂತ ಕೇಳ್ಬೇಕಿತ್ತು?"

"ಈ ಊರಿಗೆ ಸಂಕ ಇದೆಯಾ?" ಎಂದು ಕೇಳಿದರು ಮೇಡಂ.

"ನೀವೇ ನೋಡ್ಕಂಡು ಬಂದ್ರಲ್ಲ. ಎಲ್ಲಿದೆ?"

ಬಚ್ಚಲ ಒಲೆಯಲ್ಲಿ ಬೆಂಕಿ ಧಗಧಗಿಸುತ್ತಿತ್ತು. ಹೊಗೆಗೆ ಯಾಕೋ ಪೇಂಟಿನ ವಾಸನೆ. ಒಳಗಿನಿಂದ ಮರುಳಸಿದ್ದಪ್ಪ ಕೆಮ್ಮುತ್ತಾ, ಹಿತ್ತಲಲ್ಲಿ ಸೌದೆ ಸೀಳುತ್ತಿದ್ದ ಕಾಂತೇಶನಿಗೆ ಕೂಗಿದರು: "ಕಾಂತಾ, ನೀಲಿ ಮುಗೀತು ಕಣಾ, ಆ ಹಸಿರಿಂದು ಇನ್ನೊಂದು ಸೀಳು ಇತ್ಲಾಗೆ ಕೊಡು. ಸಾಹೇಬ್ರಿಗೂ ಒಂದು ಚೊಂಬು ನೀರು ಕಾಯ್ಲಿ."