ತಾಮ್ರದ ಮೇಲೆ ಮೇಣ

ಎರಡನೆಯ ಸರ್ಕ್ಯೂಟ್ ಬೋರ್ಡೂ ಹಾಳಾದ ಮಧ್ಯಾಹ್ನ ತುಮಿರಾ ಅಳಲಿಲ್ಲ, ಯಾರನ್ನೂ ಬೈಯಲಿಲ್ಲ. ಅದನ್ನು ಅಂಗಳದ ನಲ್ಲಿಯಡಿ ತೊಳೆದು, ಬೆಳಕಿಗೆ ಹಿಡಿದು, ತಾಮ್ರದ ಗೆರೆ ಎಲ್ಲೆಲ್ಲಿ ತುಂಡಾಗಿದೆ ಎಂದು ನೋಡಿದಳು. ಹದಿನಾಲ್ಕು ಕಡೆ.

ಇಮೊಗಿರಿಯಲ್ಲಿ ಮೂವತ್ತು ವರ್ಷದಿಂದ ಬಾತಿಕ್ ಬಟ್ಟೆಗೆ ಮೇಣದ ಚಿತ್ತಾರ ಬರೆದು ಬದುಕಿದ ಹೆಂಗಸು ಅವಳು. ಬೆಸುಗೆ ಹಾಕುವುದನ್ನು ಚಿಕ್ಕಂದಿನಲ್ಲಿ ಅಣ್ಣ ಸಾಗಿಮಾನನ ರೇಡಿಯೊ ರಿಪೇರಿ ಅಂಗಡಿಯಲ್ಲಿ ಕೂತು ಕಲಿತಿದ್ದಳು. ಆ ಹುಚ್ಚು ಬಿಟ್ಟಿರಲಿಲ್ಲ. ಪೇಟೆಯ ಸಭಾಭವನದಲ್ಲಿ ರೋಬೋಟ್ ಓಟ, ವಯಸ್ಸಿನ ಕಟ್ಟುಪಾಡಿಲ್ಲ ಎಂದು ತಿಳಿದದ್ದೇ ತಡ, ಹೋಗಿ ಹೆಸರು ಬರೆಸುವ ಸಾಲಿನಲ್ಲಿ ನಿಂತಳು. ನೆಲದ ಕಪ್ಪು ಗೆರೆ ಹಿಡಿದು ಗಾಡಿ ತಾನೇ ಓಡಬೇಕು. ಬೋರ್ಡನ್ನು ಮಾತ್ರ ಸ್ವಂತ ಕೈಯಲ್ಲೇ ಮಾಡಿರಬೇಕು.

"ಮಗನ ಹೆಸರೇನಮ್ಮಾ?" ಎಂದಳು ಬರೆದುಕೊಳ್ಳುವ ಹುಡುಗಿ.

"ಮಗನಿಗಲ್ಲಮ್ಮ, ನನಗೆ. ತುಮಿರಾ ಅಂತ ಬರ್ಕೋ. ಐವತ್ತೊಂದು ವರ್ಷ."

ತಾಮ್ರದ ಹಾಳೆ ಅಂಟಿಸಿದ ಹಲಗೆಯ ಮೇಲೆ ಮಾರ್ಕರ್ ಪೆನ್ನಿನಿಂದ ಗೆರೆ ಎಳೆದು ಫೆರಿಕ್ ಕ್ಲೋರೈಡ್ ನೀರಿನಲ್ಲಿ ಮುಳುಗಿಸಿದರೆ, ಶಾಯಿ ಮುಚ್ಚಿದಲ್ಲಿ ತಾಮ್ರ ಉಳಿದು, ಮಿಕ್ಕದ್ದನ್ನೆಲ್ಲ ಆ ನೀರು ತಿಂದುಹಾಕುತ್ತದೆ. ಆದರೆ ಅವಳ ಬೋರ್ಡಿನಲ್ಲಿ ಉಳಿಯಬೇಕಾದದ್ದೇ ಹೋಗುತ್ತಿತ್ತು. ಶಾಯಿ ನಿಲ್ಲುತ್ತಿರಲಿಲ್ಲ.

"ಸಾಕು ಬಿಡೇ," ಎಂದ ಸಾಗಿಮಾನ್, ಕರಿದ ಸೋಯಾಕಾಳಿನ ತೆಂಪೆ ಕಚ್ಚುತ್ತಾ. "ಬಟ್ಟೆ ಬರೆಯೋ ಕೈಗೆ ಇದೆಲ್ಲ ಯಾಕೆ?"

ತುಮಿರಾ ಒಲೆಯ ಮೇಲಿನ ಮೇಣದ ಬಾಣಲೆಯನ್ನೇ ನೋಡುತ್ತಿದ್ದಳು. "ಅಣ್ಣಾ, ಬಣ್ಣ ಹತ್ತಬಾರದ ಕಡೆ ಮೇಣ ಹಾಕ್ತೀವಲ್ಲ. ತಾಮ್ರ ಹೋಗಬಾರದ ಕಡೇನೂ ಅದನ್ನೇ ಹಾಕಿದ್ರೆ?"

"ಬೋರ್ಡಿಗೂ ಲುಂಗಿ ಉಡಿಸ್ತೀಯೇನೆ!" ಅವನು ಬಿದ್ದುಬಿದ್ದು ನಕ್ಕ.

ಅವಳು ನಗಲಿಲ್ಲ. ಬಟ್ಟೆಗೆ ಮೇಣ ಹಾಕುವ ಸಣ್ಣ ಕೊಳವೆಯ ಲೇಖನಿಯನ್ನೇ ಎತ್ತಿಕೊಂಡು ತಾಮ್ರದ ಮೇಲೆ ಬರೆದಳು. ಕೈ ಅಲುಗಲಿಲ್ಲ. ಆದರೆ ಬೇಗ ಆಗಲೆಂದು ಅಣ್ಣನ ಮಾತು ಕೇಳಿ ದ್ರಾವಣಕ್ಕೆ ಬಿಸಿನೀರು ಬೆರೆಸಿದ್ದೇ ತಪ್ಪಾಯಿತು. ಮೇಣವೆಲ್ಲ ಎದ್ದು ಮೇಲೆ ತೇಲಿತು. ನಾಲ್ಕನೆಯದಕ್ಕೆ ತಣ್ಣೀರು ಬೆರೆಸಿದಳು. ಆಗ ಮೇಣ ಚಕ್ಕೆಚಕ್ಕೆಯಾಗಿ ಕಳಚಿತು.

"ಇನ್ನೊಂದೇ ಹಲಗೆ ಇರೋದು, ಗೊತ್ತಲ್ಲ?" ಎಂದ ಸಾಗಿಮಾನ್. ಈ ಸಲ ನಗುತ್ತಿರಲಿಲ್ಲ.

"ಗೊತ್ತು. ನೀನು ಸ್ವಲ್ಪ ಸುಮ್ನಿರು."

ಬಟ್ಟೆಯ ಎಳೆಗಳೊಳಗೆ ಬಿಸಿ ಮೇಣ ಇಳಿಯುತ್ತದೆ, ತಣ್ಣಗಿನ ತಾಮ್ರ ಅದನ್ನು ಹಿಡಿಯುವುದಿಲ್ಲ ಎಂಬುದು ಅವಳಿಗೆ ಹೊಳೆಯಿತು. ಕೊನೆಯ ಹಲಗೆಯನ್ನು ಚೆನ್ನಾಗಿ ಉಜ್ಜಿ ಬಿಸಿಲಿಗಿಟ್ಟಳು. ಮೇಣ ಬಿರುಕು ಬಿಡದಂತೆ ಬಾಣಲೆಗೆ ಜೇನುಮೇಣವನ್ನು ಒಂದು ಹಿಡಿ ಹೆಚ್ಚು ಹಾಕಿದಳು. ಬಿಸಿಲಲ್ಲಿ ಕಾದ ತಾಮ್ರದ ಮೇಲೆ ಉಸಿರು ಬಿಗಿಹಿಡಿದು ಗೆರೆ ಎಳೆದಳು. ಗೆರೆಯ ಮೂಲೆಗಳೆಲ್ಲ ತಾವಾಗಿಯೇ ಬಳ್ಳಿಯಂತೆ ಬಾಗಿದವು. ಆಮೇಲೆ ಕೈಗೆ ಪ್ಲಾಸ್ಟಿಕ್ ಗವಸು ತೊಟ್ಟು, ತಣ್ಣನೆಯ ಕಂದು ನೀರಿನ ತಟ್ಟೆಯನ್ನು ಮಡಿಲ ಮುಂದಿಟ್ಟುಕೊಂಡು, ಮಗುವಿನ ತೊಟ್ಟಿಲಿನಂತೆ ಎರಡು ಗಂಟೆ ತೂಗಿದಳು. ಸೊಂಟ ಹಿಡಿದುಕೊಂಡಿತು. ಏಳಲಿಲ್ಲ.

ಕೊನೆಗೆ ಕುದಿನೀರಿಗೆ ಹಾಕಿದಾಗ ಮೇಣ ಕರಗಿ ತೇಲಿಹೋಯಿತು. ಕೆಳಗೆ ಕೆಂಪು ತಾಮ್ರದ ಗೆರೆಗಳು ಒಂದೂ ತುಂಡಾಗದೆ ನಿಂತಿದ್ದವು. ಸಾಗಿಮಾನ್ ಕನ್ನಡಕ ಏರಿಸಿ ಒಂದೊಂದನ್ನೂ ಮೀಟರಿನಿಂದ ಪರೀಕ್ಷಿಸಿದ. "ಎಲ್ಲಾ ಸರಿಯಾಗಿದೆ ಕಣೇ," ಎಂದ, ತಗ್ಗಿದ ದನಿಯಲ್ಲಿ.

ಓಟದ ದಿನ ಮೊದಲ ಸುತ್ತಿನಲ್ಲೇ ಗಾಡಿ ಮೂರನೆಯ ತಿರುವಿನಲ್ಲಿ ಗೆರೆ ಬಿಟ್ಟು ಗೋಡೆಗೆ ಹೋಗಿ ಗುದ್ದಿತು. ಹಿಂದಿನಿಂದ ಯಾರೋ, "ಅಮ್ಮನ ಗಾಡಿ ಮಾರ್ಕೆಟ್ಟಿಗೆ ಹೊರಟಿತು!" ಎಂದು ಕೂಗಿದರು. ತುಮಿರಾ ಗಾಡಿಯನ್ನು ಮಗುಚಿ ನೋಡಿದಳು. ಬೋರ್ಡಿಗೆ ಏನೂ ಆಗಿರಲಿಲ್ಲ. ಗೆರೆ ಗುರುತಿಸುವ ಬಲಗಡೆಯ ಕಣ್ಣಿನ ತಂತಿ ಬಿಟ್ಟುಹೋಗಿತ್ತು. ಅಣ್ಣ ಬೆಸುಗೆಯ ಕಡ್ಡಿಗೆ ಕೈ ಚಾಚಿದ.

"ಕೊಡು, ನಾನೇ ಹಾಕ್ತೀನಿ," ಎಂದಳು.

ಎರಡನೆಯ ಸುತ್ತಿನಲ್ಲಿ ಗಾಡಿ ನಿಧಾನವಾಗಿ, ಒಂದು ಕಡೆಯೂ ಗೆರೆ ಬಿಡದೆ ಓಡಿ ಕೊನೆ ಮುಟ್ಟಿತು. ಹನ್ನೊಂದರಲ್ಲಿ ಆರನೆಯ ಸ್ಥಾನ. ಬಹುಮಾನ ಇರಲಿಲ್ಲ. ತೀರ್ಪುಗಾರ ಮಾತ್ರ ಬೋರ್ಡನ್ನು ಅತ್ತಿತ್ತ ತಿರುಗಿಸಿ, "ಇಷ್ಟು ಚಂದದ ತಿರುವು ಯಾವ ಯಂತ್ರದಲ್ಲಿ ಮಾಡಿದಿರಿ?" ಎಂದು ಕೇಳಿದ.

ತುಮಿರಾ ಮೇಣದ ಕಲೆ ಹತ್ತಿದ ಕೈಯನ್ನು ಅವನ ಮುಂದೆ ಚಾಚಿದಳು.

ಬಸ್ಸಿನಲ್ಲಿ ಕೂತ ಮೇಲೆ ಅಣ್ಣನಿಗೆ ಹೇಳಿದಳು: "ಚಕ್ರ ಸಣ್ಣದಾಯ್ತು ಅಣ್ಣಾ. ಅದಕ್ಕೇ ನಿಧಾನ. ನಾಳೆ ದೊಡ್ಡದು ಹುಡುಕೋಣ."